ಮಗಳಿಗೆ ‘ಲೋಕಮಹಾದೇವಿ’ ಎಂದು ಹೆಸರಿಡುವುದು ಸರಿಯೇ? ಮನೆಯಲ್ಲಿ ಒಪ್ಪಿಗೆಯಿಲ್ಲ

ಪ್ರಶ್ನೆ: ಗುಳೇದಗುಡ್ಡದಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಎರಡು ತಿಂಗಳ ಹಿಂದೆ ನಮಗೆ ಹೆಣ್ಣುಮಗು ಹುಟ್ಟಿದೆ. ಭರಣಿ ನಕ್ಷತ್ರದ ನಾಲ್ಕನೆಯ ಪಾದವಾದ್ದರಿಂದ ‘ಲೋ’ ಅಕ್ಷರದಿಂದ ಹೆಸರು ಬರಬೇಕೆಂದು ಐನೋರು ಹೇಳಿದ್ದಾರೆ. ಆ ಅಕ್ಷರಕ್ಕೆ ಹೆಸರುಗಳು ಮೊದಲೇ ಕಡಿಮೆ. ನಮ್ಮ ನಾದಿನಿಯವರು ಮೊಬೈಲಿನಲ್ಲಿ ಹುಡುಕಿ ‘ಲೋಚನಾ’, ‘ಲೋಹಿತಾ’, ‘ಲೋಶಿಕಾ’ ಎಂಬ ಪಟ್ಟಿಯನ್ನು ಮಾಡಿಟ್ಟಿದ್ದಾರೆ. ನನಗೂ ನನ್ನ ಯಜಮಾನರಿಗೂ ‘ಲೋಕಮಹಾದೇವಿ’ ಎಂದು ಇಡಬೇಕೆಂಬ ಆಸೆಯಿದೆ.

ಈ ಹೆಸರು ನಮ್ಮ ತಲೆಗೆ ಬಂದದ್ದು ಪಟ್ಟದಕಲ್ಲಿನಿಂದ. ಅಲ್ಲಿಯ ವಿರೂಪಾಕ್ಷ ದೇವಾಲಯವನ್ನು ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗಾಗಿ ಸುಮಾರು 740ರ ಹೊತ್ತಿಗೆ ಕಟ್ಟಿಸಿದವಳು ಅವನ ರಾಣಿ ಲೋಕಮಹಾದೇವಿ. ಆಕೆಯ ಹೆಸರಿನಿಂದಲೇ ಆ ಗುಡಿಗೆ ಮೊದಲು ಲೋಕೇಶ್ವರ ಎಂಬ ಹೆಸರಿತ್ತು. ಪಕ್ಕದ ಮಲ್ಲಿಕಾರ್ಜುನ ದೇವಾಲಯವನ್ನು ಕಟ್ಟಿಸಿದ ತ್ರೈಲೋಕ್ಯಮಹಾದೇವಿ ಈಕೆಯ ತಂಗಿ. ಅಕ್ಕ ತಂಗಿಯರಿಬ್ಬರು ಅಕ್ಕಪಕ್ಕದಲ್ಲಿ ಎರಡು ಗುಡಿಗಳನ್ನು ಎಬ್ಬಿಸಿ ನಿಲ್ಲಿಸಿದ್ದಾರೆ. ಶಾಲೆಯಲ್ಲಿ ನಾವು ಅರಸರ ಪಟ್ಟಿಯನ್ನು ಬಾಯಿಪಾಠ ಮಾಡಿದೆವು. ಈ ಹೆಣ್ಣುಮಕ್ಕಳ ಹೆಸರು ನನಗೆ ತಿಳಿದದ್ದು ಮದುವೆಯಾಗಿ ಈ ಊರಿಗೆ ಬಂದ ಮೇಲೆ. ಇಷ್ಟು ಸಮೀಪದಲ್ಲಿ ಬಾಳಿದ ಇಂಥ ಒಬ್ಬಳ ಹೆಸರನ್ನು ಹೊತ್ತ ಒಂದು ಕೂಸನ್ನೂ ನಾನು ಸುತ್ತಮುತ್ತ ಕಂಡಿಲ್ಲ.

ಮನೆಯವರ ಆಕ್ಷೇಪಣೆಗಳು ಹೀಗಿವೆ. “ಇಷ್ಟ ಉದ್ದ ಹೆಸರ ಯಾರ ಕರೀಬೇಕವ್ವಾ” ಎಂದು ಅತ್ತೆಯವರು ಕೇಳುತ್ತಾರೆ. ಹೆಣ್ಣುಮಕ್ಕಳ ಹೆಸರಿನಲ್ಲಿ ಅಕ್ಷರಗಳು ಬೆಸವಾಗಿರಬೇಕು, ಇದರಲ್ಲಿ ಆರು ಇವೆ ಎಂಬುದು ಮಾವನವರ ಮಾತು. ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಹೆಸರನ್ನು ಹೇಳಬೇಕಾದ ನಾದಿನಿಯವರು, ಇಂಥ ಹಳೆಯ ಹೆಸರನ್ನಿಟ್ಟರೆ ಶಾಲೆಯಲ್ಲಿ ಹುಡುಗರು ಕಾಡುತ್ತಾರೆ, ನಾಳೆ ಅವಳೇ ನಿಮ್ಮನ್ನು ಬೈಯುತ್ತಾಳೆ ಎನ್ನುತ್ತಾರೆ. ಮೊದಲೆರಡು ಮಾತುಗಳಿಗೆ ನಾನು ಹೇಗೋ ಉತ್ತರ ಹೇಳಿಯೇನು, ಮೂರನೆಯದು ಮಾತ್ರ ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚಿದೆ. ಅಪರೂಪದ ಹೆಸರಿನಿಂದ ಮಗುವಿಗೆ ತೊಂದರೆಯಾಗುತ್ತದೆಯೇ? ದಾಖಲೆಗಳಲ್ಲಿ ಏನಾದರೂ ಅಡಚಣೆ ಬರಬಹುದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಸಿಂದಗಿಯ ನಿವೃತ್ತ ಶಿಕ್ಷಕ

ತಾಯೀ, ವಿಜಯಪುರ ಜಿಲ್ಲೆಯ ಹಳ್ಳಿಯ ಶಾಲೆಗಳಲ್ಲಿ ಹಾಜರಿ ಕೂಗುತ್ತಲೇ ನನ್ನ ಸೇವೆ ಮುಗಿದಿದೆ. ಆದ್ದರಿಂದ ಹೆಸರುಗಳ ವಿಷಯದಲ್ಲಿ ನನಗೆ ಕಂಡದ್ದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಉದ್ದದ ಬಗ್ಗೆ ನೀವು ಚಿಂತಿಸಬೇಕಾಗಿಲ್ಲ. ನಮ್ಮ ಭಾಗದಲ್ಲಿ ಅಕ್ಕಮಹಾದೇವಿ ಎಂಬ ಹುಡುಗಿಯಿಲ್ಲದ ಶಾಲೆಯನ್ನು ನಾನು ನೋಡಿಲ್ಲ. ಆ ಹೆಸರಿನಲ್ಲಿಯೂ ಆರೇ ಅಕ್ಷರಗಳಿವೆ. ಬೆಸ ಸಂಖ್ಯೆಯ ನಿಯಮ ಗೃಹ್ಯಸೂತ್ರಗಳ ಕಾಲದ್ದು ಎಂಬುದು ನಿಜ, ಆದರೆ ಅದನ್ನು ನೋಡಿ ಅಕ್ಕನ ಹೆಸರನ್ನು ಬಿಟ್ಟವರು ನಮ್ಮಲ್ಲಿ ಯಾರೂ ಇಲ್ಲ. ನಿಮ್ಮ ಮಾವನವರಿಗೆ ಇದೊಂದು ಮಾತು ಸಾಕಾಗಬಹುದು.

ಇನ್ನು ಅಪರೂಪದ ಮಾತು. ನಮ್ಮ ಹಿರಿಯರು ಮಕ್ಕಳಿಗೆ ಇಟ್ಟಷ್ಟು ವಿಲಕ್ಷಣವಾದ ಹೆಸರುಗಳನ್ನು ಇಂದಿನವರು ಇಡಲಾರರು ಎಂದು ನನಗೆ ಅನ್ನಿಸುತ್ತದೆ. ಹುಟ್ಟಿದ ಕೂಸುಗಳು ಉಳಿಯದಿದ್ದಾಗ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ, ಎತ್ತಿಕೊಂಡು ಬಂದು, ತಿಪ್ಪಣ್ಣ ಅಥವಾ ತಿಪ್ಪವ್ವ ಎಂದು ಕರೆದರು. ಸಾವಿನ ಕಣ್ಣು ತಪ್ಪಿಸುವುದಕ್ಕೆಂದು ಗುಂಡಪ್ಪ, ಕಲ್ಲಪ್ಪ, ಅಡಿವೆಪ್ಪ ಎಂದರು. ಮೊಹರಂನಲ್ಲಿ ಫಕೀರನಾಗುವ ಹರಕೆ ಹೊತ್ತವರು ಜಾತಿ ಧರ್ಮ ನೋಡದೆ ಫಕೀರಪ್ಪ, ಹುಸೇನಪ್ಪ ಎಂದು ಹೆಸರಿಟ್ಟರು. ನನ್ನ ತರಗತಿಗಳಲ್ಲಿ ಈ ಹೆಸರಿನ ಮಕ್ಕಳೆಲ್ಲರೂ ಕುಳಿತಿದ್ದರು. ಬೇರೆ ಹುಡುಗರು ಕೆಲವು ದಿನ ಕಾಡಿದ್ದುಂಟು, ಆದರೆ ಆ ಕಾಟ ತಿಪ್ಪಣ್ಣನನ್ನು ಹೆಚ್ಚು ನೋಯಿಸಿದ್ದನ್ನು ನಾನು ಕಾಣಲಿಲ್ಲ. ಏಕೆಂದರೆ ತನ್ನನ್ನು ಉಳಿಸಿಕೊಳ್ಳುವುದಕ್ಕಾಗಿ ಅವ್ವ ತಿಪ್ಪೆಗೆ ಹೋಗಿದ್ದಳೆಂಬ ಕಥೆಯನ್ನು ಅವನು ಮನೆಯಲ್ಲಿಯೇ ಕೇಳಿಕೊಂಡು ಬಂದಿರುತ್ತಿದ್ದ.

ನಿಜವಾಗಿ ನೋಯಿಸಿದ ಹೆಸರು ಬೇರೆ. ಮೇಲಿಂದ ಮೇಲೆ ಹೆಣ್ಣು ಹುಟ್ಟಿದ ಮನೆಯಲ್ಲಿ ಇನ್ನು ಹೆಣ್ಣು ಸಾಕು ಎಂದು ಸಾಕವ್ವ ಎಂಬ ಹೆಸರಿಡುತ್ತಿದ್ದರು. ಐದನೆಯ ತರಗತಿಯಲ್ಲಿ ಅಂಥ ಒಬ್ಬ ಹುಡುಗಿ ಇದ್ದಳು. ನೋಟುಬುಕ್ಕಿನ ರಟ್ಟಿನ ಮೇಲೆ ನಾನು ಬರೆದುಕೊಟ್ಟ ಹೆಸರನ್ನು ಉಗುಳು ಹಚ್ಚಿ ಉಜ್ಜಿ, ಕಾಗದ ತೆಳ್ಳಗಾಗಿ ಹರಿಯುವವರೆಗೆ ಉಜ್ಜಿ, ಅದರ ಮೇಲೆ ‘ಸಖು’ ಎಂದು ಬರೆದುಕೊಂಡಿದ್ದಳು. ಅವಳ ಹೆಸರು ನಮ್ಮಲ್ಲಿ ಅಪರೂಪದ್ದೇನೂ ಆಗಿರಲಿಲ್ಲ, ಊರಿಗೆ ನಾಲ್ಕು ಜನ ಸಾಕವ್ವಂದಿರು ಸಿಗುತ್ತಿದ್ದರು. ಆದರೂ ತಾನು ಬೇಡವಾಗಿ ಹುಟ್ಟಿದವಳೆಂದು ಆ ಹೆಸರು ಅವಳಿಗೆ ದಿನವೂ ಹೇಳುತ್ತಿತ್ತು. ಗಡಿಯಾಚೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಬೇಡವಾದವಳು ಎಂದು ಸಾರುವ ‘ನಕುಶಾ’ ಎಂಬ ಹೆಸರಿದ್ದ 200ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ 2011ರಲ್ಲಿ ಸಮಾರಂಭ ಮಾಡಿ ಹೊಸ ಹೆಸರುಗಳನ್ನು ಕೊಟ್ಟರು. ಆ ಸುದ್ದಿಯನ್ನು ಓದಿದ ದಿನ ನಮ್ಮ ಕಡೆಯಲ್ಲಿಯೂ ಯಾರಾದರೂ ಹೀಗೆ ಮಾಡಬೇಕಿತ್ತು ಎಂದು ನನಗೆ ಬಹಳ ಅನ್ನಿಸಿತು.

ನಾನು ಹೇಳಬೇಕಾದದ್ದು ಇಷ್ಟೇ. ಹೆಸರು ಅಪರೂಪದ್ದೋ ಸಾಮಾನ್ಯವಾದದ್ದೋ ಎಂಬುದಕ್ಕಿಂತ, ಅದನ್ನು ಇಟ್ಟವರು ಮಗುವನ್ನು ಎಷ್ಟು ಬಯಸಿ ಇಟ್ಟರು ಎಂಬುದು ಆ ಮಗುವಿಗೆ ಬೇಗ ಗೊತ್ತಾಗುತ್ತದೆ. ನೀವು ಇಡಬೇಕೆಂದಿರುವ ಹೆಸರಿನಲ್ಲಿ ಆ ಬಯಕೆ ತುಂಬಿದೆ. ಶಾಲೆಗೆ ಕಳುಹಿಸುವ ಮೊದಲು ಆ ರಾಣಿಯ ಕಥೆಯನ್ನು ಮಗಳ ಬಾಯಿಯಿಂದಲೇ ಹೇಳಿಸುವಷ್ಟು ರೂಢಿ ಮಾಡಿಸಿ. ಹುಡುಗರು ಕೇಳಿದಾಗ ಉತ್ತರ ಅವಳ ನಾಲಿಗೆಯ ಮೇಲಿರಲಿ.

ಉತ್ತರ: ಜಮಖಂಡಿಯವನು, ಈಗ ಪುಣೆಯಲ್ಲಿ

ಗುರುಗಳ ಮಾತಿಗೆ ಗೌರವವಿದೆ, ಆದರೆ ನಾನು ಇನ್ನೊಂದು ಬದಿಯಿಂದ ಹೇಳಬೇಕಾಗಿದೆ. ನನ್ನ ಹೆಸರು ಪುಲಕೇಶಿ. ಬಾದಾಮಿಯ ಅರಸನ ಮೇಲಿನ ಅಭಿಮಾನದಿಂದ ಅಪ್ಪ ಇಟ್ಟ ಹೆಸರು ಇದು, ಮತ್ತು ನಾನು ಬಯಸಿ ಪಡೆದ ಮಗನೇ. ಆದರೂ ಈ ಹೆಸರನ್ನು ಹೊತ್ತುಕೊಂಡು ಬೆಳೆಯುವುದು ಸುಲಭವಾಗಿರಲಿಲ್ಲ.

ಕಾಟದ ವಿಷಯವನ್ನು ನಾನು ದೊಡ್ಡದು ಮಾಡುವುದಿಲ್ಲ, ಅದು ಏಳನೆಯ ತರಗತಿಗೆ ಬರುವಷ್ಟರಲ್ಲಿ ನಿಂತುಹೋಯಿತು. ಕಷ್ಟವಾದದ್ದು ದೊಡ್ಡವರಿಂದ. ಇತಿಹಾಸದ ಪಾಠ ಬಂದಾಗಲೆಲ್ಲ ಮೇಷ್ಟರು ನನ್ನನ್ನೇ ಎಬ್ಬಿಸಿ ನಿಲ್ಲಿಸುತ್ತಿದ್ದರು. ಹರ್ಷವರ್ಧನನನ್ನು ನರ್ಮದೆಯ ದಂಡೆಯಲ್ಲಿ ತಡೆದವನು ಯಾರೆಂದು ಕೇಳಿ, ಉತ್ತರ ಬಾರದಿದ್ದರೆ ‘ಇಂಥ ಹೆಸರಿಟ್ಟುಕೊಂಡು ಗೊತ್ತಿಲ್ಲವೇ’ ಎಂದು ಉಳಿದವರಿಗಿಂತ ಒಂದು ಏಟು ಹೆಚ್ಚಿಗೆ ಕೊಡುತ್ತಿದ್ದರು. ಬ್ಯಾಂಕಿನಲ್ಲಿ, ಬಾಡಿಗೆಯ ಮನೆ ಕೇಳುವಲ್ಲಿ, ಹೊಸ ಕೆಲಸ ಸೇರುವಲ್ಲಿ ಹೆಸರು ಹೇಳಿದ ಮೇಲೆ ಅದರ ವಿವರಣೆಯನ್ನೂ ಕೊಡುವುದು ನನ್ನ ಪಾಲಿಗೆ ಬಂದಿದೆ. ಪುಣೆಯ ಕಚೇರಿಯಲ್ಲಿ ಎಲ್ಲರೂ ನನ್ನನ್ನು ‘ಕೇಶವ’ ಎಂದು ಕರೆಯುತ್ತಾರೆ, ನಾನು ತಿದ್ದುವುದನ್ನು ಬಿಟ್ಟಿದ್ದೇನೆ.

ಗುರುಗಳು ಹೇಳಿದ ತಿಪ್ಪಣ್ಣ, ಫಕೀರಪ್ಪ ಎಂಬ ಹೆಸರುಗಳಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಒಂದು ಊರಿನಲ್ಲಿ ಹತ್ತು ಜನ ಫಕೀರಪ್ಪಂದಿರು ಇದ್ದರೆ ಆ ಹೆಸರು ಯಾರಿಗೂ ವಿಚಿತ್ರವಾಗಿ ಕೇಳಿಸುವುದಿಲ್ಲ. ಬಿಡದಿಯ ಹತ್ತಿರದ ಭದ್ರಾಪುರದಲ್ಲಿ ಹಕ್ಕಿಪಿಕ್ಕಿ ಜನರು ಮಕ್ಕಳಿಗೆ ಕಾಫಿ, ಗೂಗಲ್, ಮೈಸೂರು ಪಾಕ್, ಸುಪ್ರೀಂ ಕೋರ್ಟ್ ಎಂದೆಲ್ಲ ಹೆಸರಿಟ್ಟಿರುವ ಸುದ್ದಿಯನ್ನು ನೀವೂ ಪತ್ರಿಕೆಯಲ್ಲಿ ಓದಿರಬಹುದು. ಅಲ್ಲಿ ಅದು ಸಮುದಾಯದ ಪದ್ಧತಿಯಾದ್ದರಿಂದ ಮಗು ಒಂಟಿಯಾಗುವುದಿಲ್ಲ. ನಮ್ಮ ಅಡ್ಡಹೆಸರುಗಳನ್ನೇ ನೋಡಿ: ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಹುಣಸಿಮರದ ಎಂಬ ಹೆಸರುಗಳನ್ನು ಕೇಳಿ ಬೆಂಗಳೂರಿನವರು ಹುಬ್ಬೇರಿಸಬಹುದು, ಆದರೆ ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ನಿಮ್ಮ ಮಗಳಾದರೋ ಊರಿಗೆಲ್ಲ ಒಬ್ಬಳೇ ಲೋಕಮಹಾದೇವಿ ಆಗುತ್ತಾಳೆ. ಪಟ್ಟದಕಲ್ಲಿನ ಮೇಲಿನ ನಿಮ್ಮ ಪ್ರೀತಿಯನ್ನು ಅವಳು ಕಂಡಕಂಡವರಿಗೆ ಬಿಡಿಸಿ ಹೇಳುತ್ತಾ ಹೋಗಬೇಕಾಗುತ್ತದೆ, ಅವಳಿಗೆ ಇತಿಹಾಸ ಇಷ್ಟವಾಗಲಿ ಆಗದಿರಲಿ.

ಇಡಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಇಡುವುದಾದರೆ, ಅವಳು ತಾನಾಗಿ ಕೇಳುವವರೆಗೆ ಆ ಕಥೆಯನ್ನು ಅವಳ ಮೇಲೆ ಹೇರಬೇಡಿ. ದಿನನಿತ್ಯಕ್ಕೆ ಅವಳು ಸುಮ್ಮನೆ ಹೇಳಿಕೊಳ್ಳಬಹುದಾದ ಒಂದು ಚಿಕ್ಕ ಕರೆಯುವ ಹೆಸರನ್ನೂ ಕೊಡಿ. ಗುರುಗಳು ಹೇಳಿದಂತೆ ಕಥೆಯನ್ನು ಬಾಯಿಪಾಠ ಮಾಡಿಸುವುದನ್ನು ಮಾತ್ರ ನಾನು ಒಪ್ಪಲಾರೆ.

ಉತ್ತರ: ಬೆಳಗಾವಿಯ ವಕೀಲ

ದಾಖಲೆಗಳ ಬಗ್ಗೆ ಕೇಳಿದ್ದೀರಿ, ಅಷ್ಟಕ್ಕೆ ಉತ್ತರಿಸುತ್ತೇನೆ.

ಮಗುವಿನ ಜನನ ಹೆಸರಿಲ್ಲದೆ ನೋಂದಣಿಯಾಗಿದ್ದರೆ ಗಾಬರಿಯಾಗಬೇಡಿ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೆಯ ಕಲಮಿನ ಪ್ರಕಾರ ಹೆಸರನ್ನು ಆಮೇಲೆ ಸೇರಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಇದಕ್ಕೆ ಶುಲ್ಕವಿಲ್ಲ, ಅನಂತರ 15 ವರ್ಷಗಳವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಹೆರಿಗೆ ಎಲ್ಲಿ ನೋಂದಣಿಯಾಗಿದೆಯೋ ಆ ಕಚೇರಿಗೇ ಹೋಗಬೇಕು. ಆದ್ದರಿಂದ ಮನೆಯಲ್ಲಿ ಎಲ್ಲರೂ ಒಪ್ಪುವವರೆಗೆ ಕಾಯುವುದಕ್ಕೆ ನಿಮಗೆ ಸಮಯವಿದೆ. ಅವಸರದಿಂದ ಒಂದು ಹೆಸರನ್ನು ಬರೆಸಿ, ಮುಂದೆ ಬದಲಾಯಿಸಿದರಾಯಿತು ಎಂದುಕೊಳ್ಳುವುದು ಬೇಡ. ಸೇರಿಸುವುದು ಸುಲಭ, ಬದಲಾಯಿಸುವುದು ಕಷ್ಟ. 15ನೆಯ ಕಲಮು ತಪ್ಪುಗಳ ತಿದ್ದುಪಡಿಗೆ ಮಾತ್ರ ಅವಕಾಶ ಕೊಡುತ್ತದೆ, ಮನಸ್ಸು ಬದಲಾದದ್ದು ಅದರಲ್ಲಿ ಬರುವುದಿಲ್ಲ. 2025ರ ಆರಂಭದಲ್ಲಿ ಇಂಥದೇ ಒಂದು ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್, ಹೆಸರು ಬದಲಾವಣೆಗೆ ಕಾಯ್ದೆಯಲ್ಲಿ ಸ್ಪಷ್ಟವಾದ ದಾರಿಯಿಲ್ಲದಿರುವುದನ್ನು ಗುರುತಿಸಿ, ಕಾನೂನು ಆಗುವವರೆಗೆ ತಂದೆ ತಾಯಿಗಳ ಪ್ರಮಾಣದ ಹೇಳಿಕೆಯನ್ನು ಪಡೆದು, ಹೆಸರು ಬದಲಾದ ಸಂಗತಿಯನ್ನು ಟಿಪ್ಪಣಿಯಾಗಿ ದಾಖಲಿಸಿ, ಹೊಸ ಹೆಸರನ್ನು ನಮೂದಿಸಬೇಕೆಂದು ಹೇಳಿದೆ.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರದ ಮಹತ್ವ ಇನ್ನೂ ಹೆಚ್ಚಾಗಿದೆ. ಅಂದು ಜಾರಿಗೆ ಬಂದ ತಿದ್ದುಪಡಿಯಂತೆ ಶಾಲೆಯ ಪ್ರವೇಶ, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಮೊದಲಾದವಕ್ಕೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಅದೇ ಪುರಾವೆ. ಅದರಲ್ಲಿ ಹೆಸರು ಹೇಗಿರುತ್ತದೆಯೋ ಮುಂದಿನ ಎಲ್ಲ ಕಡೆ ಹಾಗೆಯೇ ಸಾಗುತ್ತದೆ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಬಾರಿ ತಿದ್ದಿಸಬಹುದು ಎಂಬುದೂ ನೆನಪಿರಲಿ.

ಅಪರೂಪದ ಹೆಸರಿನ ನಿಜವಾದ ತೊಡಕು ಇಂಗ್ಲಿಷ್ ಅಕ್ಷರಗಳಲ್ಲಿ ಬರುತ್ತದೆ. ಅಕ್ಕಮಹಾದೇವಿ ಎಂದರೆ ಗುಮಾಸ್ತನಿಗೆ ರೂಢಿಯಾದ ಬರವಣಿಗೆಯೊಂದಿದೆ. ಲೋಕಮಹಾದೇವಿಗೆ ಅದಿಲ್ಲ, ಆದ್ದರಿಂದ ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಬರೆಯುತ್ತಾರೆ. ಒಂದು ಕಡೆ ಒಂದೇ ಪದವಾಗಿ, ಇನ್ನೊಂದು ಕಡೆ ಲೋಕ ಬೇರೆ ಮಹಾದೇವಿ ಬೇರೆಯಾಗಿ ಬಂದರೆ ಕಂಪ್ಯೂಟರ್ ಅದನ್ನು ಬೇರೆ ವ್ಯಕ್ತಿಯೆಂದೇ ತಿಳಿಯುತ್ತದೆ. ನಮ್ಮ ಕಿತ್ತೂರು ಕರ್ನಾಟಕದ (ಹಿಂದಿನ ಮುಂಬಯಿ ಕರ್ನಾಟಕದ) ಪದ್ಧತಿಯಂತೆ ಹೆಸರಿನ ಮುಂದೆ ತಂದೆಯ ಹೆಸರು, ಅದರ ಮುಂದೆ ಅಡ್ಡಹೆಸರು ಬರುವುದರಿಂದ ಈ ತೊಡಕು ಇನ್ನೂ ಹೆಚ್ಚಾಗುತ್ತದೆ: ಮಹಾದೇವಿ ಎಂಬುದು ತಂದೆಯ ಹೆಸರಿನ ಜಾಗದಲ್ಲಿ ಹೋಗಿ ಕುಳಿತ ಅರ್ಜಿಯನ್ನು ನೀವು ತಿದ್ದಿಸುತ್ತಾ ತಿರುಗಬೇಕಾದೀತು. ಅದಕ್ಕಾಗಿ ಇಂಗ್ಲಿಷಿನ ಅಕ್ಷರಗಳನ್ನು ಈಗಲೇ ನಿಶ್ಚಯಿಸಿ, ಒಂದು ಚೀಟಿಯಲ್ಲಿ ಬರೆದು, ಪ್ರತಿ ಕಚೇರಿಯಲ್ಲಿಯೂ ಬಾಯಿಯಿಂದ ಹೇಳದೆ ಆ ಚೀಟಿಯನ್ನೇ ಕೊಡಿ. ಪ್ರಮಾಣಪತ್ರ ಮುದ್ರಣವಾಗುವ ಮೊದಲು ಪರದೆಯ ಮೇಲೆ ಕನ್ನಡ ಇಂಗ್ಲಿಷ್ ಎರಡನ್ನೂ ಓದಿ ನೋಡಿ.

ಉತ್ತರ: ಅಥಣಿಯಿಂದ ಒಬ್ಬ ಅಜ್ಜಿ

ಮಗಳೇ, ನೀನು ಯಾರನ್ನೂ ಸೋಲಿಸಬೇಕಾಗಿಲ್ಲ. ತೊಟ್ಟಿಲಿಗೆ ಹಾಕುವ ದಿನ ಒಂದೇ ಹೆಸರನ್ನು ಹೇಳಬೇಕೆಂಬ ಕಟ್ಟುಪಾಡು ನಮ್ಮಲ್ಲಿ ಎಲ್ಲಿದೆ? ನಕ್ಷತ್ರದ ಹೆಸರು, ಮನೆದೇವರ ಹೆಸರು, ಕರೆಯುವ ಹೆಸರು ಎಂದು ಮೂರು ನಾಲ್ಕು ಹೆಸರುಗಳನ್ನು ಹೇಳಿಯೇ ಹೇಳುತ್ತಾರೆ. ಅತ್ತೆಯವರ ಇಷ್ಟದ ದೇವರ ಹೆಸರೊಂದು ಇರಲಿ, ನಾದಿನಿ ಆರಿಸಿದ ಹೆಸರೊಂದು ಇರಲಿ, ಶಾಲೆಗೆ ಬರೆಸುವ ಹೆಸರು ನಿಮ್ಮಿಬ್ಬರದು ಇರಲಿ. ನಮ್ಮ ಮನೆಯಲ್ಲಿ ನನ್ನ ಮೊಮ್ಮಗಳಿಗೆ ಹೀಗೆಯೇ ಮಾಡಿದೆವು, ಅವಳು ಎಲ್ಲ ಹೆಸರಿಗೂ ‘ಓ’ ಎನ್ನುತ್ತಾಳೆ.

ಆದರೆ ಕಿವಿಯಲ್ಲಿ ಹೆಸರನ್ನು ಹೇಳುವವಳು ಸೋದರತ್ತೆ. ಮನಸ್ಸಿಲ್ಲದ ಬಾಯಿಯಿಂದ ಹೇಳಿಸಬೇಡ. ನಿನ್ನ ನಾದಿನಿಯನ್ನು ಕರೆದುಕೊಂಡು ಹೋಗಿ ಆ ಗುಡಿಯನ್ನು ತೋರಿಸಿದ್ದೀಯಾ? ಅವಳೂ ಅದೇ ನೆಲದಲ್ಲಿ ಹುಟ್ಟಿದ ಮನೆಮಗಳು. ನಿನಗೆ ಅಲ್ಲಿ ಏನು ಕಂಡಿತೋ ಅದು ಅವಳಿಗೂ ಕಾಣಬಹುದು. ಭರಣಿಯಲ್ಲಿ ಹುಟ್ಟಿದವರು ಧರಣಿ ಆಳುತ್ತಾರೆ ಎಂದು ಹಿರಿಯರು ಹೇಳುವ ಮಾತನ್ನೂ ಅವಳ ಕಿವಿಗೆ ಹಾಕು. ರಾಣಿಯ ಹೆಸರು ಬೇಡವೆನ್ನುವುದಕ್ಕೆ ಆಗ ಅವಳಿಗೂ ಮನಸ್ಸು ಬಾರದು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಅಜ್ಜಿಯವರು ಹೇಳಿದಂತೆ ಭಾನುವಾರ ನಾದಿನಿಯವರೊಂದಿಗೆ ಪಟ್ಟದಕಲ್ಲಿಗೆ ಹೋಗಿಬಂದೆವು. ದೇವಾಲಯವನ್ನು ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿಗೆ ಕೊಟ್ಟ ಬಿರುದು ಅಲ್ಲಿಯ ಶಾಸನದಲ್ಲಿದೆ ಎಂದು ತಿಳಿದು ಅವರಿಗೆ ಬಹಳ ಆಶ್ಚರ್ಯವಾಯಿತು. ಕೆಲಸ ಮಾಡಿದವನ ಹೆಸರನ್ನೂ ಬರೆಸಿದ್ದಾರಲ್ಲ ಎಂದು ಎರಡು ಸಲ ಹೇಳಿದರು. ನಮ್ಮ ಮನೆಯಲ್ಲಿ ಖಣದ ಮಗ್ಗಗಳಿವೆ. ನೇಯ್ದವರ ಹೆಸರು ಖಣದ ಮೇಲೆ ಎಂದೂ ಬರುವುದಿಲ್ಲ ಎಂಬುದು ಅವರ ಮನಸ್ಸಿಗೆ ಬಂದಿರಬೇಕೆಂದು ನಾನು ಊಹಿಸುತ್ತೇನೆ. ತೊಟ್ಟಿಲಲ್ಲಿ ‘ಲೋಚನಾ’ ಎಂದೂ ಹೇಳುವುದಾದರೆ ಶಾಲೆಯ ಹೆಸರಿಗೆ ತಮ್ಮ ಅಡ್ಡಿಯಿಲ್ಲ ಎಂದಿದ್ದಾರೆ. ಅತ್ತೆಯವರು ಈಗಾಗಲೇ ‘ಲೋಕವ್ವಾ’ ಎಂದು ಕರೆಯತೊಡಗಿದ್ದಾರೆ, ಕರೆಯುವ ಹೆಸರನ್ನು ಇನ್ನು ಬೇರೆ ಹುಡುಕಬೇಕಾಗಿಲ್ಲ.

ಜಮಖಂಡಿಯ ಸಹೋದರರೇ, ನಿಮ್ಮ ಮಾತನ್ನು ನಾನೂ ನನ್ನ ಯಜಮಾನರೂ ಹಲವು ಸಲ ಓದಿದೆವು. ಮಗಳು ಕಥೆಯನ್ನು ಕೇಳಿದಾಗ ಹೇಳುತ್ತೇವೆ, ಅವಳಿಂದ ಒಪ್ಪಿಸಲು ಹೇಳುವುದಿಲ್ಲ. ದೊಡ್ಡವಳಾದ ಮೇಲೆ ಅವಳು ಬೇರೆ ಹೆಸರನ್ನು ಬಯಸಿದರೆ ನಾವು ಅಡ್ಡ ಬರಬಾರದೆಂದು ನಮ್ಮ ನಮ್ಮಲ್ಲಿ ಮಾತಾಡಿಕೊಂಡಿದ್ದೇವೆ.

ವಕೀಲರಲ್ಲಿ ಒಂದು ಪ್ರಶ್ನೆ ಉಳಿದಿದೆ. ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಬರೆಸುವುದು ಒಳ್ಳೆಯದೋ, ಎರಡು ಪದಗಳಾಗಿ ಬರೆಸುವುದೋ? ತೊಟ್ಟಿಲ ಹೆಸರನ್ನೂ ದಾಖಲೆಯಲ್ಲಿ ಸೇರಿಸಬೇಕೆ?

ಉತ್ತರ: ಬೆಳಗಾವಿಯ ವಕೀಲ

ಒಂದೇ ಪದವಾಗಿ ಬರೆಸಿ, ನಡುವೆ ಜಾಗ ಬಿಡಿಸಬೇಡಿ. ತೊಟ್ಟಿಲ ಹೆಸರನ್ನು ದಾಖಲೆಯಲ್ಲಿ ಸೇರಿಸಬೇಡಿ. ಎರಡು ಹೆಸರುಗಳು ಒಂದೇ ಪ್ರಮಾಣಪತ್ರದಲ್ಲಿ ಬಂದರೆ ಮುಂದೆ ಒಂದೊಂದು ಕಚೇರಿಯವರು ಒಂದೊಂದನ್ನು ಎತ್ತಿಕೊಳ್ಳುತ್ತಾರೆ. ಪುರಸಭೆಗೆ ಹೋಗುವಾಗ ನಿಮ್ಮಿಬ್ಬರ ಆಧಾರ್ ಪ್ರತಿಗಳನ್ನು ಒಯ್ಯಿರಿ ಮತ್ತು ಅವುಗಳಲ್ಲಿ ನಿಮ್ಮ ಅಡ್ಡಹೆಸರು ಒಂದೇ ರೀತಿಯಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ಮಗುವಿನ ಹೆಸರಿಗಿಂತ ತಂದೆ ತಾಯಿಗಳ ಹೆಸರಿನ ವ್ಯತ್ಯಾಸದಿಂದಲೇ ಹೆಚ್ಚು ಅರ್ಜಿಗಳು ಮರಳಿ ಬರುವುದನ್ನು ನಾನು ಕಂಡಿದ್ದೇನೆ.